ಕನ್ನಡಿಗೊಂದು ಮೊಳೆ

ಆ ಕನ್ನಡಿ ನನಗೆ ಬೇಕಿತ್ತು. ಮುಂಬಯಿಯಲ್ಲಿ ನೆಲೆಸಿದ ಯಾರೋ ಊರಿನ ಮನೆ ಖಾಲಿ ಮಾಡುವಾಗ ನಮ್ಮ ಸಂಘಕ್ಕೆ ಕೊಟ್ಟದ್ದು. ತೇಗದ ಚೌಕಟ್ಟು, ಕೆಳಗೆ ಬಾಚಣಿಗೆ ಇಡಲು ಸಣ್ಣ ಹಲಗೆ. ದಾನವಾಗಿ ಬಂದ ಪಾತ್ರೆ, ಮಂಚ, ಬಟ್ಟೆಗಳನ್ನು ಕಡಿಯಾಳಿಯ ಗೋದಾಮಿನಲ್ಲಿ ಚೊಕ್ಕ ಮಾಡಿ ಬಡವರಿಗೆ ಕಳುಹಿಸುವುದು ನನ್ನ ಕೆಲಸ. ಕನ್ನಡಿಯನ್ನು ಒರೆಸಿದ್ದು ನಾನು, ಸಿಕ್ಕಿದ್ದು ಭಾಗವ್ವನಿಗೆ.

ಕನ್ನಡಿಯೊಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಸಂಘದವರು ಉದ್ಯಾವರದಲ್ಲಿ ಕಟ್ಟಿಸಿದ ಹೊಸ ಮನೆಯೂ ಅವಳಿಗೇ ಹೋಯಿತು. ಬಾದಾಮಿ ಕಡೆಯಿಂದ ಬಂದವಳು. ಗಂಡ ರೇವಪ್ಪನ ಜೊತೆ ಮಣಿಪಾಲದಲ್ಲಿ ಗಾರೆ ಕೆಲಸ. ಮೊನ್ನೆ ಬಂದವಳಿಗೆ ಮನೆ, ಇಲ್ಲೇ ಹುಟ್ಟಿದ ನನಗೆ?

ಸಂಘ ನಡೆಸುವ ಹೂವಪ್ಪಣ್ಣನನ್ನು ತಮಾಷೆಯಂತೆ ಕೇಳಿಯೂ ನೋಡಿದೆ.

"ನಿನಗೆ ಎಂತ ಕಮ್ಮಿ ಕಮಲ? ಅಷ್ಟು ದೊಡ್ಡ ಮನೆ ಉಂಟಲ್ವಾ?" ಎಂದು ನಕ್ಕರು.

ಉಂಟು. ಅತ್ತೆ ಅದನ್ನು ಮಗಳ ಹೆಸರಿಗೆ ಬರೆದಿಟ್ಟು ಸತ್ತರು. ಮೀನು ಹಿಡಿಯಲು ಬೋಟಿಗೆ ಹೋಗುವ ನನ್ನ ಗಂಡ ಧನರಾಜನಿಗೂ ನನಗೂ ಅಲ್ಲಿರುವುದು ಒಂದು ಕೋಣೆ. ಮದುವೆಯಾದ ಹೊಸತರಲ್ಲಿ ಕ್ಯಾಲೆಂಡರ್ ಹಾಕಲು ಮೊಳೆ ಹೊಡೆಯಹೋದೆ. "ನನ್ನ ಗೋಡೆ ಹಾಳು ಮಾಡಬೇಡ" ಎಂದು ಆ ಮಗಳು, ಗಂಡನ ಅಕ್ಕ, ಸುತ್ತಿಗೆ ಕಸಿದುಕೊಂಡಳು. ಆಮೇಲೆ ನಾನು ಸುತ್ತಿಗೆ ಮುಟ್ಟಿಲ್ಲ.

ಮಳೆ ಶುರುವಾಗುವ ಮೊದಲು ಕಂಬಳಿ ಕೊಡಲು ಭಾಗವ್ವನ ಮನೆಗೆ ಹೋದೆ. ನನ್ನ ಕನ್ನಡಿ ಎಲ್ಲಿ ತೂಗುತ್ತಿದೆಯೆಂದು ನೋಡುವ ಉರಿ ಬೇರೆ. ಎಲ್ಲೂ ಇಲ್ಲ! ಗೋಣಿಯಲ್ಲಿ ಸುತ್ತಿ ಮೂಲೆಯಲ್ಲಿ ನಿಲ್ಲಿಸಿದ್ದಳು. ಪಾತ್ರೆಗಳೂ ಚೀಲದಲ್ಲೇ. ಗೋಡೆಯ ಮೇಲೆ ಒಂದು ಗೆರೆಯೂ ಇಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. "ಬೇಡವಾದರೆ ಬೇಡ ಅನ್ನಬೇಕಿತ್ತು. ಬೇಕಾದವರು ಎಷ್ಟು ಜನ ಇದ್ದಾರೆ ಗೊತ್ತುಂಟಾ?"

ಭಾಗವ್ವ ಹೆದರಿದಳು. "ಹಂಗಲ್ರೀ ಅಕ್ಕಾ. ಕಟ್ಟೋ ಮನ್ಯಾಗ ನಮ್ಮ ಸಂಸಾರ. ಗ್ವಾಡಿಗೆ ಬಣ್ಣ ಆತಂದ್ರ ಗಂಟು ಕಟ್ಟಿ ಹೊರಗ ಬೀಳೂದು. ಇಷ್ಟ ವರ್ಷ ಹಂಗ ಆಗೇತಿ. ಈ ಮನಿಗೂ ಬಣ್ಣ ಆಗೇತಲ್ರೀ. ಯಾರರ ಬಂದು ಹೋಗ್ರಿ ಅಂತಾರೇನೋ ಅಂತ..."

ಪಾಪ ಅನ್ನಿಸಿತು; ಹೊಟ್ಟೆಕಿಚ್ಚು ಮಾತ್ರ ಹಾಗೆಯೇ ಇತ್ತು. ಅವಳಿಗೆ ಹೋಗು ಅನ್ನುವವರು ಯಾರೂ ಇಲ್ಲ. ಅದು ಅವಳಿಗೆ ಗೊತ್ತಿಲ್ಲ, ಅಷ್ಟೇ.

"ರೇವಪ್ಪನ ಸುತ್ತಿಗೆ ಕೊಡು. ಮೊಳೆಯೂ ಕೊಡು."

ಕಿಟಕಿಯ ಪಕ್ಕದಲ್ಲಿ ಜಾಗ ನೋಡಿ ಹೊಡೆದೆ. ಪ್ರತಿ ಏಟಿಗೂ ಭಾಗವ್ವ ಬೆಚ್ಚಿದಳು. ಸುಣ್ಣದ ಪುಡಿ ನೆಲಕ್ಕೆ ಉದುರಿತು. ಬೈಯಲು ಯಾರೂ ಬರಲಿಲ್ಲ. ಕನ್ನಡಿ ತೂಗುಹಾಕಿದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಸಾಕ್ರೀ ಅಕ್ಕಾ, ಚಾ ಕುಡೀರಿ" ಎಂದಳು.

ನಾನು ಸುತ್ತಿಗೆ ಕೆಳಗಿಡಲಿಲ್ಲ. ಅದೇ ಗೋಡೆಗೆ, ಮುಂದೆ ಬರುವ ಕ್ಯಾಲೆಂಡರಿಗೆಂದು, ಇನ್ನೊಂದು ಮೊಳೆ ಹೊಡೆದೆ.