ಹಿಂದಿನ ಸಾಲಿನ ಹಾಡುಗಾರ್ತಿ

ಶಾಲೆಯ ಸಭಾಂಗಣದಲ್ಲಿ ಮುಂದಿನ ಕುರ್ಚಿಯವರು ಮೊಬೈಲು ಎತ್ತಿ ಹಿಡಿದಿದ್ದಾರೆ, ಅದರೊಳಗೆ ವೇದಿಕೆಯ ಮಕ್ಕಳೆಲ್ಲ ಬೆರಳುಗಾತ್ರ, ಆ ಕೈ ಒಂಚೂರು ಬಲಕ್ಕೆ ಸರಿದರೆ ಸಾಕು — ಹಾಂ, ಸರಿಯಿತು, ಸಿಕ್ಕಿದಳು ಮಗಳು, ಹಿಂದಿನ ಸಾಲಿನ ಕೊನೆಯಲ್ಲಿ, ಎರಡು ಜಡೆ, ಒಂದು ಆಗಲೇ ಬಿಚ್ಚಿದೆ, ಬಾಯಿ ಅಗಲವಾಗಿ ತೆರೆದಿದೆ. ಹಾಡುತ್ತಿದ್ದಾಳಲ್ಲ, ಮತ್ತೇಕೆ ಈ ಚಿಂತೆ, ತಾಯಿ ಕೈಚೀಲವನ್ನು ತೊಡೆಯ ಮೇಲೆ ಅಮುಕಿಕೊಂಡು ಕಿವಿಯನ್ನೆಲ್ಲ ಆ ಮೂಲೆಗೆ ಕೊಟ್ಟಳು. ಇಷ್ಟು ಮಕ್ಕಳ ದನಿಯಲ್ಲಿ ಒಂದನ್ನು ಹೆಕ್ಕುವುದೆಂದರೆ ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಹಾಗೆ, ಆದರೆ ಹೆತ್ತವಳಿಗೆ ಅದೇನು ಕಷ್ಟ, ಮಗಳದು ಹಲ್ಲಿಗೆ ಕಟಕ್ಕನೆ ಸಿಗುವ ಕಲ್ಲೇ, ಶ್ರುತಿಗೂ ಆ ದನಿಗೂ ಎಣ್ಣೆ ಸೀಗೆಕಾಯಿ ಸಂಬಂಧ, ಅಪ್ಪನ ಕಡೆಯ ಬಳುವಳಿ, ಆ ಮನೆಯಲ್ಲಿ ಯಾರಿಗೂ ರಾಗ ಒಲಿದಿಲ್ಲ, ಎಲ್ಲರೂ ಹಾಡುತ್ತಾರೆ. ಹಲ್ಲುಜ್ಜುವಾಗ ಹಾಡು, ಬೂಟು ಹಾಕುವಾಗ ಹಾಡು, ಬಚ್ಚಲಿನ ಬಾಗಿಲು ಹಾಕಿಕೊಂಡು ಹಾಡು, ಮೇಲಿನ ಮನೆಯವರೇ ಇಳಿದು ಬಂದು, ಏನಮ್ಮಾ, ನಿಮ್ಮ ಚಿನಕುರುಳಿಗೆ ಒಂದು ಸೈಲೆನ್ಸರ್ ಹಾಕ್ಸಬಾರ್ದಾ ಅಂತ ನಕ್ಕು ಹೋಗಿದ್ದರು, ಅಂಥ ಚಿನಕುರುಳಿ ಎರಡು ವಾರದಿಂದ ಒಂದು ಸಾಲೂ ಹಾಡಿಲ್ಲ. ಮಾತಾಡುತ್ತಾಳೆ, ಜಗಳಕ್ಕೂ ಕಮ್ಮಿಯಿಲ್ಲ, ಹಾಡು ಮಾತ್ರ ನಿಂತಿದೆ, ಕನ್ನಡಿಯ ಮುಂದೆ ನಿಂತು ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ, ಮತ್ತೆ ತೆರೆಯುತ್ತಾಳೆ — ಏನೇ ಅದು ಅಂದರೆ, ಪ್ರಾಕ್ಟೀಸು.

ಗಂಟಲು ಕೆಟ್ಟಿದೆಯೇನೋ, ಒಳಗೆ ಏನಾದರೂ ಬೆಳೆದಿದೆಯೇನೋ, ಕೆಟ್ಟದ್ದೇ ಮೊದಲು ಹೊಳೆಯುತ್ತದೆ ಈ ಹಾಳು ಮನಸ್ಸಿಗೆ. ಗಂಟಲಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಏನೂ ಇಲ್ಲ ಕಣಮ್ಮ, ನೀವು ಸುಮ್ನೆ ತಲೆ ಕೆಡಿಸ್ಕೋತೀರ ಅಂದರು, ಗಂಡನಿಗಂತೂ ಎಲ್ಲ ತಮಾಷೆ, ಕಿವಿಗೆ ನಾಲ್ಕು ದಿನ ರಜಾ ಸಿಕ್ತು ಅಂದ್ಕೋ. ತಲೆ ಕೆಡದೆ ಇರುತ್ತದೆಯೇ, ಹಲ್ಲಿನ ಕ್ಲಿನಿಕ್ಕಿನಲ್ಲಿ ದಿನವಿಡೀ ಡಾಕ್ಟರ ಪಕ್ಕ ನಿಂತು ಜನರ ಬಾಯಿಗೆ ಎಂಜಲು ಹೀರುವ ಕೊಳವೆ ಹಿಡಿಯುವವಳು ಅವಳು, ಈಗಲೂ ಬೆರಳಿಗೆ ಲವಂಗದೆಣ್ಣೆಯ ವಾಸನೆ, ಕಾಡಿ ಬೇಡಿ ಒಂದು ಗಂಟೆ ಪರ್ಮಿಷನ್ನು ಪಡೆದು ಬಂದಿದ್ದಾಳೆ, ಅಲ್ಲಿ ಕ್ಲಿನಿಕ್ಕಿನಲ್ಲಿ ಬಾಯಿ ತುಂಬ ಹತ್ತಿ ತುರುಕಿದ ಮೇಲೆ ಡಾಕ್ಟರು ಕೇಳುತ್ತಾರೆ, ನೋಯ್ತಿದ್ಯಾ? ಕುರ್ಚಿಯಲ್ಲಿ ಒರಗಿದವರು ಕಣ್ಣಲ್ಲೇ ಹೇಳಬೇಕು, ಬಾಯಿ ತೆರೆದಿರುತ್ತದೆ, ದನಿ ಇರುವುದಿಲ್ಲ. ಹೊರಗೆ ಚೆಂಡು ಧಪ್ಪೆಂದು ಗೋಡೆಗೆ ಬಡಿಯಿತು, ಫುಟ್‌ಬಾಲ್ ಕೋಚ್‌ ಊದಿದ ಸೀಟಿ, ಕುಣಿತದ ಮಕ್ಕಳು ಬಾಗಿಲಲ್ಲಿ ತಮ್ಮ ಸರದಿಗೆ ಕಾಯುತ್ತ ಒಬ್ಬರನ್ನೊಬ್ಬರು ತಳ್ಳುತ್ತಿದ್ದಾರೆ — ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಫುಟ್‌ಬಾಲು, ಕುಣಿತ, ಹಾಡು, ಯಾವ ಕ್ಲಬ್ಬು ಬೇಕೋ ಆರಿಸ್ಕೊಳ್ಳಿ ಅಂತ ಶಾಲೆಯವರು ಅಂದಾಗ, ಹಾಡು ಹಾಡು ಅಂತ ಮಗಳು ಸೋಫಾದ ಮೇಲೆ ಹಾರಿದ್ದಳು, ಸೇರಿಸಬಾರದಿತ್ತೇ, ಯಾರಾದರೂ ಬೈದರೇ, ಬೈದಿದ್ದರೆ ಹೇಳುತ್ತಿರಲಿಲ್ಲವೇ. ಟೀಚರು ಕೀಬೋರ್ಡಿನಿಂದ ಒಂದು ಕೈ ಎತ್ತಿ ಹಿಂದಿನ ಸಾಲಿಗೆ ಸನ್ನೆ ಮಾಡಿದರು, ಮುಂದಿನವರೆಲ್ಲ ಸುಮ್ಮನಾದರು, ಈಗ ಹಿಂದಿನವರು ಮಾತ್ರ, ಈಗ ಕೇಳಲೇಬೇಕು, ತಾಯಿ ಮುಂದಕ್ಕೆ ಬಾಗಿದಳು — ದನಿಗಳು ತಿಳಿಯಾಗಿ, ಒಂದೇ ಎಳೆಯಾಗಿ ಬಂದವು, ಕಲ್ಲಿಲ್ಲ, ಒಂದೂ ಕಲ್ಲಿಲ್ಲ. ಮನೆಯಲ್ಲಾದರೆ ಮೇಲಿನ ಸ್ವರಕ್ಕೆ ಮಗಳ ಕತ್ತಿನ ನರ ಉಬ್ಬಿ ಭುಜ ಕಿವಿಗೆ ತಾಗುತ್ತಿತ್ತು, ಇಲ್ಲಿ ಭುಜ ಇದ್ದಲ್ಲೇ ಇದೆ, ನರ ಮಲಗಿದೆ, ಬಾಯಿ ಮಾತ್ರ ಎಲ್ಲರಿಗಿಂತ ಅಗಲವಾಗಿ ತೆರೆದು, ಮುಚ್ಚಿ, ತೆರೆದು. ಫ್ಯಾನಿನ ಸದ್ದಿರಬೇಕು, ನನ್ನ ಕಿವಿಯೇ ಸರಿಯಿಲ್ಲ, ದೂರ ಬೇರೆ, ಅನ್ನುತ್ತಿರುವಾಗಲೇ ಚಪ್ಪಾಳೆ ಬಿತ್ತು, ಅವಳೂ ತಟ್ಟಿದಳು.

ಕಾರಿಡಾರಿನಲ್ಲಿ ಚೀಲಗಳ ರಾಶಿ, ಬೆವರಿನ ವಾಸನೆ, ಮಗಳು ಎಲ್ಲಿಂದಲೋ ಓಡಿ ಬಂದು ಸೊಂಟಕ್ಕೆ ಡಿಕ್ಕಿ ಹೊಡೆದಳು, ಅಮ್ಮಾ ನೋಡಿದ್ಯಾ, ಹೆಂಗಿತ್ತು? ಏನು ಹೇಳುವುದು, ಮಗುವಿನ ಮುಖ ಆಸೆಯಿಂದ ಕೆಂಪಾಗಿದೆ, ನಾಲಿಗೆ ತನ್ನಷ್ಟಕ್ಕೇ ಹೊರಳಿತು — ಎಲ್ರಿಗಿಂತ ನಿನ್ ದನೀನೇ ಚೆನ್ನಾಗಿ ಕೇಳಿಸ್ತು ಕಣೇ. ಕೆಂಪೆಲ್ಲ ಇಳಿದುಹೋಯಿತು. ಕೇಳಿಸ್ತಾ? ನಿಜವಾಗ್ಲೂ ಕೇಳಿಸ್ತಾ? ಟೀಚರ್‌ಗೂ ಕೇಳ್ಸಿರುತ್ತಾ ಅಮ್ಮಾ? ನಾನು ದನಿ ಬಿಟ್ಟೇ ಇಲ್ಲ, ಒಂಚೂರೂ ಬಿಟ್ಟಿಲ್ಲ, ನೀನು ಬಾಯಿ ಮಾತ್ರ ಆಡ್ಸು ಪುಟ್ಟಿ, ದನಿ ಬಿಡ್ಬೇಡ, ಆಗ ಎಲ್ಲರ ಜೊತೆ ನಿಲ್ಲಬಹುದು ಅಂತ ಟೀಚರೇ ಅಂದಿದ್ರು, ಮನೇಲೂ ರೂಢಿ ಮಾಡ್ಕೊಂಡೆ, ಇನ್ನು ನನ್ನನ್ನ ಕ್ಲಬ್ಬಿಂದ ತೆಗೀತಾರಾ? ಕಣ್ಣು ತುಂಬಿಕೊಂಡಿತು, ಅಂಗಿಯ ತುದಿಯನ್ನು ಹಿಂಡುತ್ತಿದ್ದಾಳೆ, ಅಲ್ಲಿ ಬಾಗಿಲ ಬಳಿ ಟೀಚರು ಯಾರದೋ ಅಪ್ಪನ ಜೊತೆ ನಗುತ್ತಿದ್ದಾರೆ, ಹೋಗಿ ಕೇಳಬೇಕು, ಈಗಲೇ ಕೇಳಬೇಕು, ಆದರೆ ಮೊದಲು ಈ ಕಣ್ಣೀರು ನಿಲ್ಲಬೇಕಲ್ಲ, ಅದು ನಿಲ್ಲಲು ಇರುವುದು ಒಂದೇ ಮಾತು, ಯಾವ ತಾಯಿಯೂ ಆಡಬಾರದ ಮಾತು, ಅದೇ ನಿಜ — ಇಲ್ಲ ಕಂದ, ಸುಮ್ನೆ ಅಂದೆ, ಕೇಳಿಸ್ಲಿಲ್ಲ. ಒಂಚೂರೂ? ಒಂಚೂರೂ ಇಲ್ಲ. ಅಬ್ಬ, ಅಂತ ಮಗಳು ಉಸಿರು ಬಿಟ್ಟಳು, ನಕ್ಕಳು, ಎಷ್ಟು ಕಷ್ಟ ಗೊತ್ತಾ, ಹೆಂಗೆ ಅಂತ ತೋರಿಸ್ಲಾ, ನೋಡು, ನನ್ನನ್ನೇ ನೋಡು — ಕತ್ತು ಎತ್ತಿದಳು, ಬಾಯಿ ತೆರೆದಳು, ಬಿದ್ದ ಹಲ್ಲಿನ ಜಾಗ, ತೇವದ ನಾಲಿಗೆ, ಕೆಂಪಗೆ ಆರೋಗ್ಯವಾಗಿರುವ ಗಂಟಲು, ಬಾಯಿ ತೆರೆದಿದೆ, ಮುಚ್ಚಿತು, ತೆರೆದಿದೆ, ಬಾಯಿ ತೆರೆದೇ ಇದೆ