ಮಕ್ಕಳಿಲ್ಲದವರ ನೀರು

ನಾಯಿಯೊಂದು ಬಂದು ಗಂಗೆಗೆ ಬಾಯಿ ಹಾಕಿತು, ಟೀವಿಯ ಬಲಮೂಲೆಯಲ್ಲಿ, ಕಾಶಿಯ ಘಾಟಿನಲ್ಲಿ ಕೂತ ಭಟ್ಟರ ಬೆನ್ನ ಹಿಂದೆ, ಕುಡಿಯುವ ಸದ್ದು ಇಲ್ಲಿಗೆ ಕೇಳುವುದಿಲ್ಲ ಆದರೂ ಕನಕರಾಜನಿಗೆ ಕೇಳಿದ ಹಾಗಾಯಿತು — ಅದನ್ನು ಯಾರೂ ಹಚಾ ಅನ್ನಲಿಲ್ಲ, ಗೋತ್ರ ಯಾವುದು ಅಂತ ಕೇಳಲಿಲ್ಲ, ಅವ್ವನ ಹೆಸರು ಕೇಳಲಿಲ್ಲ, ಕುಡಿಯಿತು, ಮೈ ಝಾಡಿಸಿತು, ಹೋಯಿತು, ಪುಣ್ಯವಂತ ನಾಯಿ. ನೀರೂ ಅವನು ಅಂದುಕೊಂಡ ಗಂಗೆಯ ನೀರಿನ ಹಾಗಿಲ್ಲ, ಮುಕ್ಕುಂದದ ಕಾಲುವೆಗೆ ವರ್ಷದ ಮೊದಲ ನೀರು ಬಿಟ್ಟಾಗ ಕಸಕಡ್ಡಿ ತಳ್ಳಿಕೊಂಡು ಬರುತ್ತದಲ್ಲ, ಆ ಬಣ್ಣ — ಬೇಡ, ಈಗ ಮುಕ್ಕುಂದದ ಕಡೆ ಹೋಗಬೇಡ, ಇಲ್ಲೇ ಇರು, ಸಿಂಧನೂರಿನಲ್ಲಿ, ನಿನ್ನ ಸ್ವಂತ ಮನೆಯ ಹಾಲಿನಲ್ಲಿ, ಮಣೆಯ ಮೇಲೆ, ಮುಂದೆ ಹಿತ್ತಾಳೆ ಪರಾತ, ತಂಬಿಗೆ ನೀರು, ಕರಿಎಳ್ಳು. ಹೆಂಡತಿ ಗಂಗಾದೇವಿ ಮೊದಲು ಗುರೆಳ್ಳು ತಂದಿಟ್ಟಿದ್ದಳು, ಚಟ್ನಿ ಮಾಡುವ ಗುರೆಳ್ಳು, ಬೀಗತಿ ನೋಡಿ ಸೀರೆ ಸೆರಗಿನಲ್ಲಿ ನಕ್ಕು ಇದಲ್ಲ ಬೀಗತಿ, ಎಳ್ಳು, ಎಳ್ಳು ಅಂದಿದ್ದಳು, ಹೆಂಡತಿಯ ಮುಖ ಸಣ್ಣದಾಗಿತ್ತು. ಅವಳೇನು ಮಾಡಬೇಕು, ಅವರ ಮನೆತನದಲ್ಲಿ ಈ ಅಮಾವಾಸ್ಯೆಗೆ ಎಳ್ಳು ಎಲ್ಲಿತ್ತು, ಹಿರಿಯರಿಗೆ ಎಡೆ ಅಂದರೆ ಮಟನ್ ಸಾರು, ರೊಟ್ಟಿ, ಒಂದು ಕಟ್ಟು ಬೀಡಿ, ಸತ್ತವರು ತಿಂದರೋ ಬಿಟ್ಟರೋ ಮನೆಮಂದಿ ಬೆರಳು ಚೀಪುತ್ತಿದ್ದರು. ಈ ಸಲ ಒಲೆಯ ಮೇಲೆ ಬರೀ ಬೇಳೆ, ಹೋಳಿಗೆ. ಸತ್ತ ಅಪ್ಪನೂ ಬೀಗರ ಮುಂದೆ ಮರ್ಯಾದಸ್ಥ ಆಗಬೇಕಾಗಿದೆ.

ವಲ್ಲಿ ಬಲಗಡೆ ಹೆಗಲಿಗೆ ಹಾಕ್ಕೊಳ್ರಿ ಬೀಗರ, ಎಂದು ಸೋಫಾದಿಂದ ಲಿಂಗಸೂಗೂರಿನ ಬೀಗರು ಹೇಳುತ್ತಾರೆ, ಒಳ್ಳೆಯ ಮನುಷ್ಯ, ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು, ಮನಸ್ಸಿನಲ್ಲೇ ನಾಲ್ಕು ಬೈದು ಹಗುರಾಗಬಹುದಿತ್ತು. ಹೋದ ವರ್ಷ ಕಾಶಿಗೆ ಹೋಗಿ ಬಂದವರು, ಅಲ್ಲಿ ನೆಲೆಸಿದ ಈ ಕನ್ನಡದ ಭಟ್ಟರನ್ನು ಗುರುತು ಮಾಡಿಕೊಂಡು ಬಂದವರು, ನಿಮಗ ಅಂಗಡಿ ಬಿಟ್ಟು ಹೋಗಾಕ ಆಗಂಗಿಲ್ಲ, ಅವರು ಅಲ್ಲಿ ಮಾಡ್ತಾರ, ನೀವು ಇಲ್ಲಿ ಹೇಳಿದ್ದು ಹೇಳ್ರಿ, ಹಿರೇರು ತಣ್ಣಗಾದರ ಹುಡುಗರ ಸಂಸಾರ ತಣ್ಣಗ ಇರ್ತೈತಿ, ಎಂದು ತಾವೇ ಮಾತಾಡಿ ದಿನ ಗೊತ್ತುಮಾಡಿ, ಬೀಗತಿಯನ್ನೂ ಮದುಮಗ ಆಗಲಿರುವ ಮಗ ದುರುಗೇಶನನ್ನೂ ಕರೆದುಕೊಂಡು ಬೆಳಿಗ್ಗೆಯೇ ಬಂದಿದ್ದಾರೆ. ಅಂಗಡಿ ಎಂದರೆ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್, ಅದನ್ನು ಬಿಟ್ಟು ಹೋಗಲು ಆಗುವುದಿಲ್ಲ ಎನ್ನುವುದು ಸುಳ್ಳು, ನಾಟಿ ಮುಗಿದ ಮೇಲೆ ಯಾರು ಬರುತ್ತಾರೆ. ಹೋಗಬಹುದಿತ್ತು. ಕಾಶಿಗೆ ಒಬ್ಬನೇ ಹೋಗಿದ್ದರೆ ಅಲ್ಲಿ ಯಾವ ಹೆಸರು ಹೇಳಿದರೂ ಯಾರಿಗೆ ಕೇಳುತ್ತಿತ್ತು — ಈ ಬುದ್ಧಿ ಈಗ ಬಂತು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮಗಳು ಅನುಪಮಾ ಫೋನನ್ನು ಟೀವಿಗೆ ಜೋಡಿಸಿ ಸದ್ದು ಬೇರೆ ದೊಡ್ಡದು ಮಾಡಿದ್ದಾಳೆ, ಭಟ್ಟರು ಕೆಮ್ಮಿದರೆ ಅಡುಗೆಮನೆಗೂ ಕೇಳುತ್ತದೆ.

ತಂದೆಯ ಹೆಸರು ಹೇಳಿ ಯಜಮಾನರೇ, ಎಂದರು ಭಟ್ಟರು. ಗ್ಯಾನಪ್ಪ, ಎಂದ, ಧೈರ್ಯವಾಗಿ, ಅಪ್ಪ ಹೋಗಿ ವರ್ಷವಾಯಿತು. ಗೋತ್ರ ಗೊತ್ತಿಲ್ಲವೆಂದರೆ ಕಾಶ್ಯಪ ಎಂದೇ ಇಟ್ಟುಕೊಳ್ಳೋಣ, ತಪ್ಪಿಲ್ಲ, ಎಳ್ಳು ಹಾಕಿಕೊಳ್ಳಿ, ಹೆಬ್ಬೆರಳಿನ ಕಡೆಯಿಂದ ನೀರು ಬಿಡಿ, ನಾನು ಹೇಳಿದ್ದನ್ನು ಹೇಳಿ — ಅಲ್ಲಿ ಭಟ್ಟರ ಕೈ ಓರೆಯಾಯಿತು, ಹೆಬ್ಬೆರಳ ಸಂದಿಯಿಂದ ನೀರು ಇಳಿದು ಹೊಳೆಗೆ ಸೇರಿತು, ಇಲ್ಲಿ ಅವನ ಕೈ ಓರೆಯಾಯಿತು, ನೀರು ಪರಾತಕ್ಕೆ ಬಿತ್ತು, ಮೂರು ಸಲ. ಅಜ್ಜನಿಗೆ ಮೂರು ಸಲ. ಮುತ್ತಜ್ಜನ ಹೆಸರು ಗೊತ್ತಿರಲಿಲ್ಲ, ಅದಕ್ಕೂ ಭಟ್ಟರ ಹತ್ತಿರ ದಾರಿಯಿತ್ತು. ಈಗ ತಾಯಿ. ತಾಯಿ ಇದ್ದಾರೋ, ಹೋಗಿದ್ದಾರೋ? ಹೋಗ್ಯಾರ್ರಿ. ಹೆಸರು ಹೇಳಿ. ಗಂಟಲಲ್ಲಿ ಎರಡು ಹೆಸರು, ಬಾಗಿಲೊಂದೇ, ಒಂದು ಮುಂದೆ ಬಂದು ನಿಂತಿತು, ಅಂಕಪಟ್ಟಿಯ ಮೇಲೆ ಇದ್ದದ್ದು, ಶಾಲೆಯ ದಾಖಲೆಯಲ್ಲಿ ಇದ್ದದ್ದು, ಮಗಳ ಲಗ್ನಪತ್ರಿಕೆಯಲ್ಲಿ ಅಚ್ಚಾಗಬೇಕಾದದ್ದು — ದುರ್ಗಾದೇವಿ. ಬೀಗರು ಮುದಗಲ್ಲಿನ ಮನೆತನದ ಮಗಳಲ್ಲೇನ್ರಿ, ಭಾಳ ದೊಡ್ಡ ಮನೆತನ, ಎಂದು ತಲೆದೂಗಿದರು. ಹೌದ್ರಿ, ಎಂದ. ದುರ್ಗಾದೇವಿಗೆ ಮೂರು ಸಲ ನೀರು ಬಿತ್ತು. ಬೀಳಲಿ, ಆಕೆಯೂ ಸಾಕಿದಳು, ಎಣ್ಣೆ ಹಚ್ಚಿ ಎರೆದಳು, ಆಕೆಯ ಮೇಲೆ ಅವನಿಗೆ ಸಿಟ್ಟಿಲ್ಲ, ಆದರೆ ಹಡೆದವಳು ಆಕೆಯಲ್ಲ. ಹಡೆದವಳು ಯಮನೂರಮ್ಮ, ಮುಕ್ಕುಂದದಲ್ಲಿ, ಗದ್ದೆಯ ಕೆಸರಿನಲ್ಲಿ ಬೆರಳ ಸಂದಿ ಕೊಳೆತ ಕಾಲಿನವಳು, ಮೂರು ವರ್ಷದ ಹಿಂದೆ ಸತ್ತವಳು. ಅವಳಿಗೆ ನೀರು ಬಿಡಲು ಭೂಮಿಯ ಮೇಲೆ ಇರುವ ಒಬ್ಬನೇ ಒಬ್ಬ ಮಗ ಮಣೆಯ ಮೇಲೆ ಕೂತು ಬೇರೆ ಹೆಸರು ಹೇಳಿದ್ದಾನೆ.

ಉಡಕಿ. ಆ ಮಾತನ್ನು ಮನಸ್ಸಿನಲ್ಲಿ ಅನ್ನುವಾಗಲೂ ಅವನು ಸೋಫಾದ ಕಡೆ ನೋಡುತ್ತಾನೆ. ಗಂಡ ಸತ್ತ ಹೆಣ್ಣಿಗೆ ಕತ್ತಲಲ್ಲಿ, ಹಿತ್ತಲಲ್ಲಿ, ವಾಲಗವಿಲ್ಲದೆ ಅಕ್ಕಿಕಾಳಿಲ್ಲದೆ ಒಂದು ಸೀರೆ ಉಡಿಸಿ ಕರೆದುಕೊಂಡರೆ ಅದು ಉಡಕಿ, ಸಂಸಾರ ಮಾಡಬಹುದು, ಹಡೆಯಬಹುದು, ನಾಟಿ ಹಚ್ಚಬಹುದು, ಆದರೆ ಮದುಮಗಳಿಗೆ ಅರಿಷಿಣ ಹಚ್ಚುವ ಹಾಗಿಲ್ಲ, ಹುಟ್ಟಿದ ಮಕ್ಕಳದು ಬೇರೆಯೇ ಸಾಲು. ದುರ್ಗಾದೇವಿಗೆ ಮಕ್ಕಳಾಗಲಿಲ್ಲ, ಅಪ್ಪ ಮುಕ್ಕುಂದದ ಹೊಲದಲ್ಲಿ ದುಡಿಯುತ್ತಿದ್ದ ಯಮನೂರಮ್ಮನನ್ನು ಉಡಕಿ ಮಾಡಿಕೊಂಡು ಅಲ್ಲೇ ಹೊಲದ ಮನೆಯಲ್ಲಿ ಇಟ್ಟ, ಹುಟ್ಟಿದ ಮಗನಿಗೆ ಶಾಲೆಯ ವಯಸ್ಸಾದಾಗ ದುರ್ಗಾದೇವಿ ಇದ್ದ ಮಸ್ಕಿಯ ಮನೆಗೆ ಕರೆದುಕೊಂಡು ಹೋದ. ಕರೆದೊಯ್ಯುವ ಮುಂಚೆ ಯಮನೂರಮ್ಮ ಅವನನ್ನು ಒಲೆ ಮುಂದೆ ಕೂರಿಸಿಕೊಂಡು ಕಲಿಸಿದ್ದಳು, ಕೈಯಲ್ಲಿ ಬೆಲ್ಲದ ಚೂರು — ನಾ ಯಾರು ಹೇಳು? ಯವ್ವ. ಹಂಗಲ್ಲಲೇ, ಚಿಗವ್ವ ಅನ್ನು, ನಿಮ್ಮವ್ವ ಮಸ್ಕ್ಯಾಗ ಅದಾಳ, ನಾ ಚಿಗವ್ವ. ಯವ್ವ ಅಂದರೆ ಬೆಲ್ಲ ಇಲ್ಲ, ಚಿಗವ್ವ ಅಂದರೆ ಬೆಲ್ಲ. ಎರಡು ದಿನದಲ್ಲಿ ಕಲಿತ, ಜಾಣ, ಆಮೇಲೆ ಬೆಲ್ಲವಿಲ್ಲದೆಯೂ ತಪ್ಪಲಿಲ್ಲ. ಸಂತೆಯ ದಿನ ಆಕೆ ಮಸ್ಕಿಗೆ ಬಂದರೆ ಕಟ್ಟೆಯ ಮೇಲೆ ಕೂತು ಸೆರಗಿನ ಗಂಟು ಬಿಚ್ಚಿ ಶೇಂಗಾ ಕೊಟ್ಟು, ಚಿಗವ್ವ ಬಂದೀನಪ್ಪ ಎಂದು ತಾನೇ ಹೇಳುತ್ತಿದ್ದಳು, ಬಾಯಿ ತಪ್ಪಿದರೆ ಎಂದು ಅವನಿಗಿಂತ ಅವಳಿಗೇ ಹೆದರಿಕೆ. ನಾನೇನು ಮಾಡಲಿ, ಆಕೆಯೇ ಕಲಿಸಿದ್ದು — ಎಂದು ಹೇಳಿಕೊಂಡ, ಹೇಳಿಕೊಂಡ ಕೂಡಲೇ ತನ್ನ ಮೇಲೆ ತನಗೇ ಹೇಸಿಗೆ ಬಂತು, ಸತ್ತ ತಾಯಿಯ ಮೇಲೆ ಹಾಕಿ ಕೈತೊಳೆದುಕೊಳ್ಳುವವನನ್ನು ಏನನ್ನಬೇಕು. ಆಕೆ ಕಲಿಸಿದ್ದು ಐದು ವರ್ಷದ ಹುಡುಗನಿಗೆ. ಐವತ್ತು ದಾಟಿದ ಗಂಡಸಿಗಲ್ಲ.

ಮಗಳ ಸಲುವಾಗಿ, ಮಗಳ ಸಲುವಾಗಿ, ಎಂದು ಈ ಆರು ತಿಂಗಳು ಹೆಂಡತಿಗೂ ಹೇಳಿದ್ದಾನೆ, ತನಗೂ ಹೇಳಿಕೊಂಡಿದ್ದಾನೆ. ನೋಡಲು ಬಂದ ದಿನವೇ ಬೀಗರು ಚಹಾ ಕುಡಿದು ಬಸಿ ಕೆಳಗಿಟ್ಟು, ನಮಗ ಕೊಡೋದು ತಗೊಳ್ಳೋದು ಏನೂ ಬ್ಯಾಡ್ರಿ, ಒಂದ ಮಾತು, ಲಗ್ನದ ಸಾಲೋ ಉಡಕಿ ಸಾಲೋ, ಹಿರೇರು ಕೇಳಂತ ಹೇಳ್ಯಾರ ಅಂತ ಕೇಳಾಕತ್ತೀನಿ, ಎಂದರು, ಅವರಿಗೂ ಕೇಳಲು ನಾಚಿಕೆಯಾಗಿತ್ತು, ಪಾಪ. ಲಗ್ನದ್ದು ರೀ, ಎಂದ. ಆಗ ಫೋನ್ ನೋಡುತ್ತಿದ್ದ ಹುಡುಗ ದುರುಗೇಶ ತಲೆ ಎತ್ತಿ ಅಪ್ಪನ ಮೇಲೆ ಸಿಡುಕಿ, ಈಗಿನ ಕಾಲದಾಗ ಇದೆಲ್ಲಾ ಯಾಕಪ್ಪಾ ಎಂದ. ಅಂದರೆ ಹೇಳಬಹುದಿತ್ತು. ಹುಡುಗ ಬಿಡುತ್ತಿರಲಿಲ್ಲ, ಅನುಪಮಾಳೂ ಏನೂ ಅನ್ನುತ್ತಿರಲಿಲ್ಲ, ಬೀಗರು ಎರಡು ದಿನ ಮುಖ ಊದಿಸಿಕೊಂಡು ಮೂರನೆಯ ದಿನ ಫೋನ್ ಮಾಡುತ್ತಿದ್ದರು. ಮಗಳ ಸಲುವಾಗಿ ಅಲ್ಲ. ಸಿಂಧನೂರಿನ ಬಜಾರಿನಲ್ಲಿ ಕನಕರಾಜ ಸಾವುಕಾರ ಎಂದು ಕರೆಯುತ್ತಾರಲ್ಲ, ಆ ಕರೆಯ ಸಲುವಾಗಿ. ಮುಕ್ಕುಂದದಲ್ಲಿ ಅವನು ಅವಳ ಮಗ, ಅಲ್ಲಿ ಎಲ್ಲರಿಗೂ ಗೊತ್ತು, ಆಕೆ ಸತ್ತಾಗ ಪಕ್ಕದ ಹೊಲದ ರಹಿಮಾನ್ ಫೋನ್ ಮಾಡಿದ, ಹೊಲದ ಕೆಲಸ ಎಂದು ಮಗಳಿಗೆ ಹೇಳಿ ಒಬ್ಬನೇ ಹೋದ, ಕುಣಿಯ ಹತ್ತಿರ ರಹಿಮಾನ್ ಎಲ್ಲರನ್ನೂ ತಡೆದು ನಿಲ್ಲಿಸಿ, ನೀ ಮೊದಲ ಮಣ್ಣು ಹಾಕಪಾ, ನೀ ಹಾಕಿದ ಮ್ಯಾಲೆ ನಾವು, ಎಂದ. ಹಾಕಿದ. ಸಂಜೆಗೆ ಸಿಂಧನೂರಿಗೆ ಬಂದು ಉಗುರಿನ ಮಣ್ಣು ತೊಳೆದು ಉಂಡ.

ಯಜಮಾನರೇ, ಕೇಳಿಸುತ್ತಿದೆಯಾ? ಕೇಳಾಕತ್ತೈತ್ರಿ. ಭಟ್ಟರು ಕ್ಯಾಮೆರಾಕ್ಕೆ ಹತ್ತಿರ ಬಂದರು, ಹಣೆಯ ಮೇಲೆ ಬೆವರು, ತಂದೆಗೆ ಬೇರೆ ಪತ್ನಿ ಇದ್ದರೇ, ಎರಡನೆಯವರು, ತೀರಿಕೊಂಡವರು? ಇದ್ದರೆ ಅವರಿಗೂ ಕೊಡಬೇಕು, ಮಲತಾಯಿಯೂ ತಾಯಿಯೇ. ಶಾಸ್ತ್ರ ತಾನಾಗಿಯೇ ಒಂದು ಕಿಂಡಿ ತೆಗೆದಿದೆ, ಅವ್ವ ಅನ್ನಲಾಗದಿದ್ದರೆ ಮಲತಾಯಿ ಅನ್ನು, ಹೆಸರಾದರೂ ಹೇಳು, ಹೇಳಿದರೆ ಏನಾಗುತ್ತದೆ, ಬೀಗರು ಕೇಳುತ್ತಾರೆ, ಎರಡನೆಯಾಕಿ ಇದ್ದಳೇನ್ರಿ, ನಮಗ ಗೊತ್ತಿರಲಿಲ್ಲಲ್ಲ, ಯಾವ ಊರಾಕಿ, ಮಕ್ಕಳು ಅದಾವೇನು — ಮಕ್ಕಳು ಅದಾವೇನು. ಗಂಗಾದೇವಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾಳೆ, ಅವಳಿಗೆ ಗೊತ್ತು, ಅವಳ ಕಣ್ಣು ಹೇಳು ಅನ್ನುತ್ತಿದೆಯೋ ಬೇಡ ಅನ್ನುತ್ತಿದೆಯೋ, ಸೌಟು ಹಿಡಿದ ಕೈ ಮಾತ್ರ ಬಿಗಿಯಾಗಿದೆ. ಇಲ್ರಿ, ಎಂದ. ಇಲ್ಲವೇ? ಯಾರೂ ಇಲ್ರಿ. ಒಂದು ಸಲ ಕೇಳಿದ್ದಕ್ಕೆ ಎರಡು ಸಲ ಹೇಳಿದ, ಸುಳ್ಳಿಗೆ ಯಾವಾಗಲೂ ಒಂದು ಆನಿಕೆ ಬೇಕು. ಭಟ್ಟರು ಸರಿ ಎಂದು ಮುಂದೆ ಹೋದರು. ಗಂಗಾದೇವಿ ಒಳಗೆ ಹೋದಳು.

ಇನ್ನು ಕೊನೆಯದು, ಎಂದರು ಭಟ್ಟರು, ಅವರ ಧ್ವನಿ ಮೆತ್ತಗಾಗಿತ್ತು, ಯಾರಿಗೆ ಮಕ್ಕಳಿಲ್ಲವೋ, ಯಾರಿಗೆ ನೀರು ಬಿಡುವವರೇ ಇಲ್ಲವೋ, ಅವರಿಗೆ ನಿಮ್ಮ ಕೈಯಿಂದ, ನಿಮಗೆ ಗೊತ್ತಿದ್ದವರು ಅಂಥವರಿದ್ದರೆ ಹೆಸರು ಹೇಳಬಹುದು. ಕನಕರಾಜ ಎಳ್ಳು ತೆಗೆದುಕೊಂಡ, ಹೆಸರಿಲ್ಲದೆ ಬಿಟ್ಟರಾಯಿತು, ಮುಗಿಯಿತು, ಬೆವರು ಒರೆಸಿಕೊಂಡು ಹೋಳಿಗೆ ತಿನ್ನಬಹುದು, ಎನ್ನುವಾಗ ಹಿಂದಿನಿಂದ ಅನುಪಮಾ, ಅಪ್ಪಾ, ಮುಕ್ಕುಂದದ ಆಯಿ ಹೆಸರು ಹೇಳಲ್ಲೇನು? ಎಂದಳು. ಯಾವ ಆಯಿ ಬೇ, ಎಂದರು ಬೀಗರು. ನಮ್ಮ ಹೊಲದ ಮನ್ಯಾಗ ಇದ್ದಳ್ರಿ ಮಾವಾ, ಯಮನೂರಮ್ಮಾಯಿ, ನಾ ಸಣ್ಣಾಕಿ ಇದ್ದಾಗ ರೊಟ್ಟಿ ಮಾಡಿಕೊಡ್ತಿದ್ದಳು, ಪಾಪ ಆಕಿಗೆ ಮಕ್ಕಳ ಇದ್ದಿಲ್ಲಂತ, ಅಪ್ಪನ ಹೇಳಿದ್ದ. ಹೌದು, ಹೇಳಿದ್ದ, ಈ ಆಯಿಗೆ ಮಕ್ಕಳಿಲ್ಲೇನಪ್ಪಾ ಎಂದು ಹುಡುಗಿ ಒಲೆಯ ಮುಂದೆಯೇ ಕೇಳಿತ್ತು, ಇಲ್ಲವ್ವಾ ಎಂದಿದ್ದ, ಯಮನೂರಮ್ಮ ಎದುರಿಗೇ ಇದ್ದಳು, ರೊಟ್ಟಿ ತಟ್ಟುತ್ತಿದ್ದಳು, ತಟ್ಟುವ ಕೈ ನಿಲ್ಲಲಿಲ್ಲ, ಒಂದು ಪೆಟ್ಟೂ ತಪ್ಪಲಿಲ್ಲ. ಹೇಳ್ರಿ ಬೀಗರ, ಪುಣ್ಯದ ಕೆಲಸ, ಯಾರೂ ಇಲ್ಲದಾಕಿ, ನಿಮ್ಮ ಕೈಯಿಂದ ಒಂದ ಹನಿ ಹೋಗಲಿ, ಎಂದರು ಬೀಗರು, ಅವರ ಕಣ್ಣು ನಿಜವಾಗಿ ಒದ್ದೆಯಾಗಿತ್ತು. ಹೆಸರು? ಎಂದರು ಭಟ್ಟರು.

ಯಮನೂರಮ್ಮ, ಎಂದ. ಅಷ್ಟು ಜನರ ಮುಂದೆ ಆ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು. ನಾನು ಹೇಳಿದ್ದನ್ನು ಹೇಳಿ ಯಜಮಾನರೇ — ಮಕ್ಕಳಿಲ್ಲದ ಯಮನೂರಮ್ಮನಿಗೆ. ಮಕ್ಕಳಿಲ್ಲದ ಯಮನೂರಮ್ಮನಿಗೆ. ನೀರು ಬಿಡುವ ಮಗನಿಲ್ಲದವಳಿಗೆ. ನೀರು ಬಿಡುವ, ಎಂದ, ಎಲ್ಲರೂ ಕಾಯುತ್ತಿದ್ದಾರೆ, ಮಗನಿಲ್ಲದವಳಿಗೆ, ಎಂದ. ಇಲ್ಲಿ ಅವನ ಕೈ ಹಿಂದಕ್ಕೆ ವಾಲಿ ನೀರೆಲ್ಲ ಮಣಿಕಟ್ಟಿನ ಕಡೆ ಹರಿದು ತೋಳಿನೊಳಗೆ ಇಳಿಯಿತು, ಪರಾತಕ್ಕೆ ಒಂದು ಹನಿಯೂ ಬೀಳಲಿಲ್ಲ, ಪರವಾಗಿಲ್ಲ, ಅಲ್ಲಿ ಬಿಡುತ್ತಾರೆ, ಗಂಗೆಗೇ ಬಿಡುತ್ತಾರೆ, ಎಂದು ತಲೆ ಎತ್ತಿದ. ಅಲ್ಲಿ ಭಟ್ಟರ ಕೈ ಓರೆಯಾಗಿತ್ತು, ನೀರು ಹೆಬ್ಬೆರಳ ಸಂದಿ ದಾಟಿತ್ತು, ಅಷ್ಟರಲ್ಲಿ ಚಿತ್ರ ನಿಂತಿತು. ನೆಟ್ ಹೋತಪ್ಪಾ, ಎಂದಳು ಅನುಪಮಾ. ತಡೀರಿ ಬರ್ತೈತಿ, ಎಂದರು ಬೀಗರು. ಬರುತ್ತದೆ, ಬರಲಿ, ಇಡೀ ಗೋಡೆಯಗಲ ಆ ಕೈ, ಕೈಯ ಕೆಳಗೆ ಆ ನೀರು, ಕೈಯಿಂದ ಇಳಿದಿದೆ, ಹೊಳೆ ಇನ್ನೂ ಮುಟ್ಟಿಲ್ಲ, ಯವ್ವಾ, ಮುಟ್ಟಿಲ್ಲ, ಕೈಯಿಂದ ಇಳಿದ ನೀರು, ಹೊಳೆ ಮುಟ್ಟದ ನೀರು, ಆ ಕೈ, ಆ ನೀರು —