ಅಣ್ಣ ಕೊಟ್ಟ ಒಪ್ಪಿಗೆ

ಗಲ್ಫಿನ ಮುರಕ್ಕಬಾತ್ ಬಡಾವಣೆಯ ಆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಭಾನುವಾರವೆಂದರೆ ಜಲಜಾಕ್ಷಿಯ ನೀರುದೋಸೆ, ಮಗ ಸುಮಿತನ ಸೋಮಾರಿತನ, ಮಗಳು ತೃಷಾಳ ಹರಟೆ. ತೃಷಾಳಿಗೆ ಹುಟ್ಟಿನಿಂದ ಕಿವಿ ಕೇಳದು; ಹರಟೆಯೆಲ್ಲ ಕೈಯಲ್ಲೇ. ದೇರಾದ ಸರಕು ಸಾಗಣೆ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತರೆ ಮೂವರ ಕೆಲಸ ಒಬ್ಬಳೇ ಮುಗಿಸುತ್ತಾಳೆ. ಸಂಜೆ ಮೆಟ್ರೋ ನಿಲ್ದಾಣದಲ್ಲಿ, ಆಚೆ ಪ್ಲಾಟ್‌ಫಾರ್ಮಿನಲ್ಲಿ ನಿಂತ ಕಿವುಡ ಗೆಳತಿ ಮಾರ್ಟಿನಾಳ ಜೊತೆ ಗಾಜಿನ ಮೂಲಕವೇ ಕೈಮಾತು. ಕಿವಿ ಕೇಳುವ ನಮಗೆ ಈ ಭಾಗ್ಯ ಉಂಟೇ!

ಮನೆಗೆ ಜನ ಬಂದರೆ ಮಾತ್ರ ಜಲಜಾಕ್ಷಿ ಮಗಳ ಕೈಗಳನ್ನು ಹಿಡಿದು ಮಡಿಲಲ್ಲಿಡುವಳು. ನೋಡಲಿಕ್ಕೆ ಚಂದ ಇಲ್ಲವಂತೆ! ಮಗಳಿಗೆ ಇಪ್ಪತ್ತಾರಾದರೂ ಅಮ್ಮ ಆ ಭಾಷೆ ಕಲಿಯಲಿಲ್ಲ. ಕಲಿತವನು ಅಣ್ಣ ಸುಮಿತ. ಆಸ್ಪತ್ರೆ, ಬ್ಯಾಂಕು, ವೀಸಾ ಕಚೇರಿ, ಎಲ್ಲಿ ಹೋದರೂ ಅವನು ಹೇಳಿದ್ದೇ ಅವಳಿಗೆ ಲೋಕದ ಮಾತು.

ಆ ಭಾನುವಾರ ಅಬುಧಾಬಿಯಿಂದ ಪೃಥ್ವಿರಾಜ್ ತಾಯಿಯೊಡನೆ ಬಂದ. ಊರಿನ ಪರಿಚಯದವರು ಎಂದಷ್ಟೇ ಅಣ್ಣ ತಿಳಿಸಿದ್ದ. ತೃಷಾ ನಗುತ್ತ ಚಹಾ ಕೊಟ್ಟು ಕೂತಳು.

ಪೃಥ್ವಿರಾಜ್ ಹೆಂಡತಿಯನ್ನು ಕಳೆದುಕೊಂಡವನು. ಮನುಷ್ಯ ಒಳ್ಳೆಯವನೇ. "ಅವರನ್ನೇ ಕೇಳಿ ಸುಮಿತ್. ನನ್ನದು ಎರಡನೇ ಮದುವೆ. ಕೆಲಸ ಬಿಟ್ಟು ಅಬುಧಾಬಿಗೆ ಬರ್ಬೇಕು, ಏಳು ವರ್ಷದ ಮಗಳನ್ನು ನೋಡಿಕೊಳ್ಬೇಕು. ಮನಸ್ಸುಂಟಾ?"

ಸುಮಿತ ತಂಗಿಯತ್ತ ತಿರುಗಿ ಕೈ ಆಡಿಸಿದ: ನಿನಗೆ ಆಫೀಸಿನ ಕೆಲಸ ಇಷ್ಟವಾ ಅಂತ ಕೇಳ್ತಿದ್ದಾರೆ.

ಪಾಪ, ಹುಡುಗಿ ಮುಖವರಳಿಸಿ ಹೌದೆಂದು ತಲೆಯಾಡಿಸಿದಳು.

"ಒಪ್ಪಿಗೆ ಉಂಟಂತೆ," ಎಂದ ಸುಮಿತ.

ಹುಡುಗನ ತಾಯಿ ಎದ್ದು ಬಂದು ತೃಷಾಳ ಬೆರಳಿಗೆ ಉಂಗುರ ತೊಡಿಸಿದರು. ಅವಳು ಕಕ್ಕಾಬಿಕ್ಕಿಯಾದಳು. ಪೃಥ್ವಿರಾಜ್ ಫೋನಿನಲ್ಲಿ ಬರೆದು ತೋರಿಸಿದ: 'ಕೆಲಸ ಬಿಟ್ಟು ನನ್ನ ಮಗಳಿಗೆ ತಾಯಿಯಾಗಲು ಒಪ್ಪಿದಿರಿ. ಥ್ಯಾಂಕ್ಸ್.'

ಎರಡೆರಡು ಸಲ ಓದಿದಳು. ತಿರುಗಿ ಸುಮಿತನ ಮುಖ ನೋಡಿದಳು. ನನ್ನ ಅಣ್ಣನೇ? ಅಂದು ಕಾಲೇಜಿನವರು ನನ್ನನ್ನು ಸೇರಿಸಿಕೊಳ್ಳುವುದಿಲ್ಲ ಎಂದಿದ್ದನಲ್ಲ, ಅದೂ ಸುಳ್ಳೇ? ಇಷ್ಟು ವರ್ಷ ತಂದುಕೊಟ್ಟ ಮಾತುಗಳಲ್ಲಿ ಲೋಕದ್ದೆಷ್ಟು, ಇವನದೆಷ್ಟು? ಮನೆಯವರೇ ಹೀಗೆ ಕತ್ತು ಕೊಯ್ದರೆ ಯಾರ ಹತ್ತಿರ ಹೇಳಿಕೊಳ್ಳುವುದು!

ಅವಳು ಆ ಫೋನನ್ನೇ ತೆಗೆದುಕೊಂಡು ಬರೆದಳು. ಪೃಥ್ವಿರಾಜ್ ಗಟ್ಟಿಯಾಗಿ ಓದಿದ: "'ಕೆಲಸ ಇಷ್ಟವಾ ಎಂದು ಅಣ್ಣ ಕೇಳಿದ, ಹೌದೆಂದೆ. ಮದುವೆಯ ಬಗ್ಗೆ ನನ್ನನ್ನು ಯಾರೂ ಕೇಳಿಲ್ಲ.'"

ಜಲಜಾಕ್ಷಿ ಸಿಡುಕಿದಳು. "ಎಂತ ಕೇಳುವುದು? ಎಷ್ಟು ಸಂಬಂಧ ತಪ್ಪಿತು ಗೊತ್ತುಂಟಾ? ಇಂಥ ಮಕ್ಕಳನ್ನು ಕೇಳಿ ಮದುವೆ ಮಾಡಿದ್ದು ನಮ್ಮಲ್ಲಿ ಎಲ್ಲಿಯೂ ಇಲ್ಲ. ಅವಳ ಒಳ್ಳೆಯದಕ್ಕೇ ಮಾಡಿದ್ದು!"

"ಆಂಟಿ, ಅವರಿಗೆ ಬುದ್ಧಿ ಇಲ್ವಾ? ಕಿವಿ ಮಾತ್ರ ಅಲ್ವಾ ಕೇಳದ್ದು?" ಎಂದು ಪೃಥ್ವಿರಾಜ್ ಎದ್ದೇಬಿಟ್ಟ. "ಕದ್ದ ಒಪ್ಪಿಗೆ ಕಟ್ಟಿಕೊಂಡು ನಾನೆಂತ ಸಂಸಾರ ಮಾಡ್ಲಿ?"

ತೃಷಾ ಉಂಗುರ ತೆಗೆದು ಅವನ ತಾಯಿಯ ಅಂಗೈಯಲ್ಲಿಟ್ಟು ಕೈಮುಗಿದಳು. ಆಮೇಲೆ ತನ್ನ ಫೋನಿನಲ್ಲಿ ಅಮ್ಮನಿಗೆ ಬರೆದಳು: 'ಇನ್ನು ನನ್ನ ವಿಷಯ ನನಗೇ ಬರೆದು ಕೇಳಿ. ಇಲ್ಲವಾದರೆ ನನ್ನ ಭಾಷೆ ಕಲಿಯಿರಿ.'

ಅತಿಥಿಗಳು ಹೊರಟುಹೋದರು. ಸುಮಿತ ಎದುರಿಗೆ ಬಂದು ನಿಂತ. ಕಣ್ಣಲ್ಲಿ ನೀರು ತುಂಬಿಕೊಂಡು, ಏನೋ ಹೇಳಲು ಎರಡೂ ಕೈ ಎತ್ತಿದ.

ತೃಷಾ ಕಣ್ಣು ಮುಚ್ಚಿಕೊಂಡಳು. ಅವನು ಹೇಳಿ ಮುಗಿಸುವವರೆಗೂ ತೆರೆಯಲಿಲ್ಲ.